ಶ್ಯಾಮಸುಂದರ ಸಾರ್ ಅವರ ಕ್ವಾಲಿಟಿ ರೂಮು

ಶ್ಯಾಮಸುಂದರ ಸಾರ್ ಅವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ನಿಷ್ಪಕ್ಷಪಾತಿ ಎಂದು ನಂಬಿ ಮೋಸ ಹೋಗಬೇಕಿಲ್ಲ. ಕಾಮಾಕ್ಷಿಪಾಳ್ಯದ ಒಂದು ಮೆಷಿನ್ ಶಾಪಿನಲ್ಲಿ ಅವರು ಕ್ವಾಲಿಟಿ ಇನ್‌ಚಾರ್ಜ್. ನಾನು ಅಲ್ಲಿ ಹದಿನೈದು ವಾರ ಇಂಟರ್ನ್ ಆಗಿದ್ದೆ. ಕಂಪನಿಯ ಹೆಸರು ಬೇಡ. ಅದರ ಬೋರ್ಡಿನಲ್ಲಿ ‘ಪ್ರಿಸಿಷನ್’ ಎಂಬ ಪದವಿದೆ ಎಂದರೆ ಗುರುತು ಸಿಗುವುದೂ ಇಲ್ಲ. ಆ ಬೀದಿಯಲ್ಲಿ ಹಿಟ್ಟಿನ ಗಿರಣಿಯೊಂದನ್ನು ಬಿಟ್ಟರೆ ಎಲ್ಲರ ಬೋರ್ಡಿನಲ್ಲೂ ಆ ಪದವಿದೆ.

ನನ್ನ ಹೆಸರು ಕಲಾವತಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ. ಅಪ್ಪ ಅವ್ವ ಬಾಗಲಕೋಟೆ ಕಡೆಯವರು, ನಾನು ಬೆಳೆದದ್ದು ಉಲ್ಲಾಳದ ಬಾಡಿಗೆ ಮನೆಯಲ್ಲಿ. ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಪ್ರತಿ ವಾರ ಸಹಿ ಬಿದ್ದ ಲಾಗ್‌ಬುಕ್ಕು, ಕೊನೆಗೆ ಕಂಪನಿಯ ಸರ್ಟಿಫಿಕೇಟು, ಇವೆರಡೂ ಇಲ್ಲದಿದ್ದರೆ ಡಿಗ್ರಿ ಇಲ್ಲ. ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ವಿಜಯನಗರದ ಯಾವುದೋ ಟ್ರೈನಿಂಗ್ ಸೆಂಟರಿಗೆ ದುಡ್ಡು ಕಟ್ಟಿ, ಒಂದು ದಿನವೂ ಕೆಲಸ ಮಾಡದೆ ಸರ್ಟಿಫಿಕೇಟ್ ತಂದರು. ಅವರಲ್ಲೊಬ್ಬಳಾದ ಗೆಳತಿ ರಮ್ಯಶ್ರೀ ನನಗೂ ಹೇಳಿದಳು.

"ಸುಮ್ನೆ ಯಾಕೆ ಗ್ರೀಸ್ ಮೆತ್ಕೊಂಡು ಸಾಯ್ತೀಯ ಕಣೇ? ಅಲ್ಲಿ ಫೋಟೋಗೆ ಹೆಲ್ಮೆಟ್ಟೂ ಅವ್ರೇ ಕೊಡ್ತಾರೆ."

ನಾನು ಅವಳನ್ನು ನೋಡಿ ಮೂಗು ಮುರಿದೆ. ಹೆಲ್ಮೆಟ್ಟಿಟ್ಟುಕೊಂಡು ಹಲ್ಲು ಕಿರಿಯುವ ಆ ಫೋಟೋಗಳು ತರಗತಿಯ ಗ್ರೂಪಿಗೆ ಬಂದಾಗಲೆಲ್ಲ ನನಗೆ ವಾಕರಿಕೆ. ನಾಲ್ಕು ವರ್ಷ ಓದಿ, ಒಂದು ನಟ್ಟು ಬಿಗಿಯದೆ ಎಂಜಿನಿಯರ್ ಅನ್ನಿಸಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ ಎಂಬ ಕೊಬ್ಬು ನನಗೆ ಬಹಳ ಇತ್ತು. ನಮ್ಮ ಗೈಡ್ ಮಾಲವಿಕಾ ಮೇಡಂ ಅಂತೂ ಇಬ್ಬರಿಗೂ ಒಂದೇ ಮಾತು ಹೇಳಿದರು: "ಎಲ್ಲಿ ಬೇಕಾದ್ರೂ ಮಾಡ್ರಮ್ಮ, ಫಾರ್ಮ್ಯಾಟ್ ಮಾತ್ರ ಕರೆಕ್ಟಾಗಿರ್ಲಿ."

ನಮ್ಮ ಮನೆಯ ಮಾಲೀಕರು ಮುನಿವೆಂಕಟಪ್ಪ, ಉಲ್ಲಾಳದ ಹಳೆಯ ಕುಳ. ಅವರ ಮಗ ಸಂಪತ್ ಅವರದೇ ಈ ಮೆಷಿನ್ ಶಾಪು. ಅವ್ವ ಹೋಗಿ ಮಾಲೀಕರ ಹೆಂಡತಿ ಹನುಮಕ್ಕನವರ ಹತ್ತಿರ ಕೇಳಿಕೊಂಡದ್ದರಿಂದ ನನಗೆ ಅಲ್ಲಿ ಜಾಗ ಸಿಕ್ಕಿತು. ಮೊದಲ ದಿನವೇ ಸಂಪತ್ ಸಾರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗೀರು ಶಾಪ್ ಫ್ಲೋರಲ್ಲಿ ಬೇಡಮ್ಮ, ಕ್ವಾಲಿಟಿಲಿ ಕೂತ್ಕೊ. ಶ್ಯಾಮಸುಂದರ್ ಕಲಿಸ್ತಾರೆ" ಎಂದರು.

ಶ್ಯಾಮಸುಂದರ ಸಾರ್ ಕಲಿಸಿದರು. ಅದನ್ನು ಇಲ್ಲ ಎನ್ನಲಾರೆ.

ಕ್ವಾಲಿಟಿ ರೂಮು ಎಂದರೆ ಶಾಪಿನ ಮೂಲೆಯಲ್ಲಿ ಗಾಜು ಹಾಕಿ ಮಾಡಿದ ಗೂಡು. ಇಡೀ ಶಾಪಿನಲ್ಲಿ ಏಸಿ ಇದ್ದದ್ದು ಅಲ್ಲಿ ಮಾತ್ರ, ಅಳತೆಯ ಉಪಕರಣಗಳಿಗೆ ಒಂದೇ ಉಷ್ಣಾಂಶ ಬೇಕೆಂದು ಹಾಕಿಸಿದ್ದು. ಆ ಉಪಕರಣಗಳು ಬೀರುವಿನಲ್ಲಿ, ಬೀರುವಿನ ಬೀಗದ ಕೈ ಸಾರ್ ಅವರ ಸೊಂಟದಲ್ಲಿ. ನಾನು ಬರುವವರೆಗೆ ಏಸಿಯ ತಂಪನ್ನು ಅನುಭವಿಸುತ್ತಿದ್ದವರು ಸಾರ್ ಒಬ್ಬರೇ. ಬೆಳಿಗ್ಗೆ ಒಂಬತ್ತೂವರೆಗೆ ಬಂದು, ಮೇಜನ್ನು ಎರಡು ಸಲ ಒರೆಸಿ, ಪೇಪರಿನ ಭವಿಷ್ಯದ ಪುಟ ಓದಿ, ಹತ್ತೂವರೆಗೆ ಡಬ್ಬಿಯ ಉಪ್ಪಿಟ್ಟು ತಿಂದು, ಆಮೇಲೆ ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆಯಲು ಕೂರುತ್ತಿದ್ದರು.

ರಿಪೋರ್ಟ್ ಎಂದರೆ ಹೀಗೆ. ಒಂದು ಲಾಟಿನಲ್ಲಿ ಮುನ್ನೂರು ಬುಷ್, ಅಂದರೆ ಪಂಪಿನ ಶಾಫ್ಟನ್ನು ಹಿಡಿಯುವ ಲೋಹದ ಬಳೆ, ತಯಾರಾದರೆ ಅದರಲ್ಲಿ ಹತ್ತನ್ನು ಎತ್ತಿಕೊಂಡು, ಒಂದೊಂದರಲ್ಲೂ ಎಂಟು ಅಳತೆ ನೋಡಿ, ಎಂಬತ್ತು ಅಂಕಿಗಳನ್ನು ಬರೆದು ಸಹಿ ಹಾಕಿ ಮಾಲಿನ ಜೊತೆ ಗ್ರಾಹಕರಾದ ಪಂಪ್ ಕಂಪನಿಗೆ ಕಳಿಸಬೇಕು. ಬುಷ್ಷಿನ ನಡುವಿನ ತೂತಿಗೆ ಬೋರ್ ಎನ್ನುತ್ತಾರೆ. ಅದು ಇಪ್ಪತ್ತೈದು ಮಿಲಿಮೀಟರ್ ಇರಬೇಕು, ಹೆಚ್ಚೆಂದರೆ ಇಪ್ಪತ್ತು ಮೈಕ್ರಾನ್ ಜಾಸ್ತಿಯಾಗಬಹುದು. ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲೂ ಅಲ್ಲ ಅದು.

ನಾನು ನೋಟ್‌ಬುಕ್ ಹಿಡಿದು ಕೂತೆ. ಸಾರ್ ಬೀರು ತೆಗೆಯುತ್ತಾರೆ ಎಂದುಕೊಂಡೆ. ಅವರು ಪೆನ್ನು ತೆಗೆದರು. ಹತ್ತೇ ನಿಮಿಷದಲ್ಲಿ ಎಂಬತ್ತೂ ಅಂಕಿಗಳನ್ನು ಒಂದು ಬುಷ್ಷನ್ನೂ ಮುಟ್ಟದೆ ಬರೆದು ಮುಗಿಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದನ್ನು ಮೆಚ್ಚುಗೆ ಎಂದು ತಿಳಿದರು ಪುಣ್ಯಾತ್ಮ.

"ನೋಡಮ್ಮ, ಇದಕ್ಕೂ ಒಂದು ಕೈ ಬೇಕು. ಒಂದೇ ರೀಡಿಂಗ್ ಪಕ್ಕಪಕ್ಕ ಬರ್ಬಾರ್ದು. ಹತ್ರಲ್ಲಿ ಒಂದು ಲಿಮಿಟ್ ಹತ್ರ ಹೋಗ್ಬೇಕು, ಆಗ ನೋಡೋರಿಗೆ ನಂಬಿಕೆ ಬರತ್ತೆ. ಮಧ್ಯದಲ್ಲಿ ಪೆನ್ ಬದಲಾಯಿಸ್ಬೇಕು. ಒಂದು ಕಡೆ ಹೊಡೆದು ತಿದ್ದಿರ್ಬೇಕು. ತೀರಾ ನೀಟಾಗಿದ್ರೆ ಅನುಮಾನ."

"ಅಳೆಯೋದು ಯಾವಾಗ ಸಾರ್?"

"ಹದಿನೆಂಟು ವರ್ಷದಿಂದ ಒಂದು ರಿಜೆಕ್ಷನ್ ಬಂದಿಲ್ಲ ಈ ರೂಮಿಂದ," ಎಂದರು ಸಾರ್. ನನ್ನ ಪ್ರಶ್ನೆಗೆ ಅದೇ ಉತ್ತರವಂತೆ.

ಮೂರನೇ ವಾರದಿಂದ ಆ ಅಂಕಿಗಳನ್ನು ನನ್ನ ಕೈಲಿ ಬರೆಸತೊಡಗಿದರು. ಕೆಳಗೆ ಸಹಿ ಮಾತ್ರ ಅವರದು. ನನ್ನ ಏಳುಗಳು ಒಂದೇ ಥರ ಕಾಣುತ್ತವೆ ಎಂದು ಬೈದು ಎರಡು ಥರ ಏಳು ಬರೆಯಲು ಅಭ್ಯಾಸ ಮಾಡಿಸಿದರು. ವಿಜಯನಗರದ ಟ್ರೈನಿಂಗ್ ಸೆಂಟರಿನವರು ಸುಳ್ಳನ್ನು ಒಂದೇ ಸಲ ಕೊಟ್ಟು ಕಳಿಸುತ್ತಿದ್ದರು, ನಾನು ಅದನ್ನು ಬಸ್ಸು ಹತ್ತಿ ಬಂದು ದಿನವೂ ತಯಾರಿಸುತ್ತಿದ್ದೆ.

ಇಷ್ಟಾದರೂ ರಿಜೆಕ್ಷನ್ ಏಕೆ ಬರುತ್ತಿರಲಿಲ್ಲ? ಕಾರಣ ಗಾಜಿನ ಆಚೆ ಇತ್ತು. ಆ ಬುಷ್ಷುಗಳನ್ನು ಕೊರೆಯುತ್ತಿದ್ದವರು ಬಸಪ್ಪ ಎಂಬ ಹಿರಿಯ ಆಪರೇಟರ್. ಬಾದಾಮಿ ಕಡೆಯವರು, ಸುಂಕದಕಟ್ಟೆಯಲ್ಲಿ ಮನೆ. ಮೆಷಿನ್ನಿನಿಂದ ಇಳಿದ ಪ್ರತಿಯೊಂದು ಬುಷ್ಷನ್ನೂ ಬಟ್ಟೆಯಲ್ಲಿ ಒರೆಸಿ, ತಮ್ಮದೇ ಗೇಜ್ ಹಾಕಿ ಅಳೆದು, ಸರಿಯಿದ್ದರೆ ಪೆಟ್ಟಿಗೆಗೆ, ಇಲ್ಲದಿದ್ದರೆ ಕಾಲ ಬಳಿಯ ಡಬ್ಬಕ್ಕೆ ಹಾಕುತ್ತಿದ್ದರು. ಹತ್ತನ್ನಲ್ಲ, ಮುನ್ನೂರನ್ನೂ. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಅವರ ಅಳತೆ ಯಾವ ಕಾಗದದ ಮೇಲೂ ಇರಲಿಲ್ಲ. ಅಳೆಯುವವರು ಬರೆಯುತ್ತಿರಲಿಲ್ಲ, ಬರೆಯುವವರು ಅಳೆಯುತ್ತಿರಲಿಲ್ಲ, ಕಂಪನಿ ಸುಖವಾಗಿ ನಡೆಯುತ್ತಿತ್ತು.

ನಮ್ಮ ಕಡೆಯ ಮಾತು ಕೇಳಿ ನಾನು ಅವರನ್ನು ಕಾಕಾ ಎಂದೆ. ಊಟದ ವೇಳೆಯಲ್ಲಿ ಸಾರ್ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು, ನಾನು ಕಾಕಾನ ಮೆಷಿನ್ನಿನ ಬಳಿ ಹೋಗಿ ನಿಲ್ಲುತ್ತಿದ್ದೆ. ಗೇಜನ್ನು ತೂತಿನೊಳಗೆ ಇಳಿಸಿ ಹೇಗೆ ಆಡಿಸಬೇಕು, ಮುಳ್ಳು ಎಲ್ಲಿ ತಿರುಗಿ ನಿಲ್ಲುತ್ತದೆ, ಕೈ ಬಿಸಿ ತಾಗಿದರೆ ಅಳತೆ ಹೇಗೆ ಬದಲಾಗುತ್ತದೆ, ಇದನ್ನೆಲ್ಲ ಅವರು ಹೆಚ್ಚು ಮಾತಾಡದೆ ತೋರಿಸಿಕೊಟ್ಟರು. ನಾನು ಅಳೆದದ್ದನ್ನು ಮತ್ತೆ ಅಳೆದು ತಲೆಯಾಡಿಸುತ್ತಿದ್ದರು. ಎರಡು ತಿಂಗಳಾದ ಮೇಲೆ ಮತ್ತೆ ಅಳೆಯುವುದನ್ನು ಬಿಟ್ಟು, ನಾನು ಹೇಳಿದ ಅಂಕಿಯನ್ನು ಕೇಳಿ ಬುಷ್ಷನ್ನು ನೇರವಾಗಿ ಪೆಟ್ಟಿಗೆಗೆ ಹಾಕತೊಡಗಿದರು. ಆ ದಿನ ನನಗಾದ ಸಂತೋಷ ನಾಲ್ಕು ವರ್ಷದ ಯಾವ ರಿಸಲ್ಟಿಗೂ ಆಗಿರಲಿಲ್ಲ.

ಶ್ಯಾಮಸುಂದರ ಸಾರ್ ಅವರಿಗೆ ಅಳತೆಯೇ ಬರುತ್ತಿರಲಿಲ್ಲ ಎಂದುಕೊಂಡರೆ ಅದು ಅನ್ಯಾಯ. ನನ್ನ ಲಾಗ್‌ಬುಕ್ಕಿಗೆ ಮೂರು ವಾರ ಸಹಿ ಹಾಕದೆ ಸತಾಯಿಸಿ, ಕೊನೆಗೆ ಭಾನುವಾರ ಬಸವೇಶ್ವರನಗರದ ಮನೆಗೆ ಬರಲು ಹೇಳಿದರು. ಹೋದಾಗ ಪುಣ್ಯಾತ್ಮ ಲುಂಗಿ ಎತ್ತಿಕಟ್ಟಿ, ಟೇಪು ಹಿಡಿದು, ಗೇಟಿನ ಒಳಗೆ ಮಂಡಿಯೂರಿ ಕೂತಿದ್ದರು. ಮೇಲಿನ ಪೋರ್ಷನ್ನಿನ ಬಾಡಿಗೆಯವನು, ಪಾಪ, ಊಟ ತಲುಪಿಸುವ ಕೆಲಸದ ಹುಡುಗ, ತನ್ನ ಬೈಕಿನ ಪಕ್ಕ ಕೈಕಟ್ಟಿ ನಿಂತಿದ್ದ.

"ಎರಡು ಇಂಚು ಒಳಗೆ ಬಂದಿದೀಯ. ಗೆರೆ ಎಳೆದಿದೀನಿ ತಾನೆ? ಎರಡು ಇಂಚು!"

"ಸಾರ್, ಸೈಡ್ ಸ್ಟ್ಯಾಂಡ್ ಹಾಕಿದ್ರೆ ಹಾಗೆ ಕಾಣತ್ತೆ."

"ಅಳತೆ ಅಂದ್ರೆ ಅಳತೆ ಕಣಯ್ಯ. ನಾನು ಕ್ವಾಲಿಟಿಲಿರೋನು."

ಒಳಗೆ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯಲ್ಲಿ ಗಾಜಿನ ಕಡ್ಡಿಯೊಂದು ತೇಲುತ್ತಿತ್ತು. ಹಾಲಿನವನು ನೀರು ಬೆರೆಸಿದ್ದಾನೋ ಇಲ್ಲವೋ ಎಂದು ದಿನವೂ ಪರೀಕ್ಷೆಯಂತೆ, ಅವರ ಹೆಂಡತಿಯೇ ಹೇಳಿದರು. ತರಕಾರಿಯನ್ನೂ ಮನೆಗೆ ತಂದು ಇನ್ನೊಮ್ಮೆ ತೂಗುತ್ತಾರಂತೆ. ಜಗತ್ತಿನಲ್ಲಿ ಯಾರೂ ತನಗೆ ಮೋಸ ಮಾಡಬಾರದು ಎಂದು ಈ ಮನುಷ್ಯ ಎಷ್ಟು ಶ್ರಮಪಡುತ್ತಾನೆ! ಮೂರು ವಾರದ ಸಹಿಯನ್ನು ಮೂರು ಬೇರೆ ಪೆನ್ನುಗಳಲ್ಲಿ ಹಾಕಿ ಕೊಟ್ಟರು.

ಹದಿನಾಲ್ಕನೇ ವಾರದ ಮೊದಲಲ್ಲಿ ಬಸಪ್ಪ ಕಾಕಾ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ರಜೆ ಹಾಕಿದರು. ಅವರ ಮೆಷಿನ್ನಿಗೆ ಬೇರೆ ಆಪರೇಟರ್ ಬಂದ. ಅವನು ಪ್ರೋಗ್ರಾಂ ಹಾಕಿ, ಬಾಗಿಲು ಮುಚ್ಚಿ, ಮೊಬೈಲು ನೋಡುತ್ತಾ ನಿಲ್ಲುವವನು. ಅಳೆಯುವುದು ಕ್ವಾಲಿಟಿಯವರ ಕೆಲಸ ಎಂದು ಅವನು ತಿಳಿದಿದ್ದ. ಆ ಶಾಪಿನಲ್ಲಿ ಅಂಥ ತಪ್ಪು ತಿಳಿವಳಿಕೆ ಹೊಸಬರಿಗೆ ಮಾತ್ರ ಸಾಧ್ಯ.

ಅವನು ಮಾಡಿದ ಮೊದಲ ಲಾಟು ರೂಮಿಗೆ ಬಂದಾಗ ಸಾರ್ ಉಪ್ಪಿಟ್ಟು ತಿನ್ನುತ್ತಿದ್ದರು. ನಾನು ಅಭ್ಯಾಸಬಲದಿಂದ ಒಂದು ಬುಷ್ ಎತ್ತಿ, ಕಾಕಾ ಬಿಟ್ಟುಹೋಗಿದ್ದ ಗೇಜ್ ಇಳಿಸಿದೆ. ಮುಳ್ಳು ತಿರುಗಿ ಅರವತ್ತು ಮೈಕ್ರಾನ್ ಮೇಲೆ ನಿಂತಿತು. ಇರಬೇಕಾದದ್ದು ಇಪ್ಪತ್ತರೊಳಗೆ. ಇನ್ನೊಂದು ಎತ್ತಿದೆ, ಐವತ್ತೆಂಟು. ಗೇಜನ್ನು ಮತ್ತೆ ಸೆಟ್ ಮಾಡಿ ಹತ್ತೂ ಅಳೆದೆ. ಹತ್ತೂ ಔಟ್. ಆ ಬುಷ್ಷಿನೊಳಗೆ ಶಾಫ್ಟ್ ಹಾಕಿದರೆ ಗಡಗಡ ಅಲ್ಲಾಡುತ್ತದೆ, ಪಂಪು ಕೆಲವೇ ತಿಂಗಳಲ್ಲಿ ಮೂಲೆ ಸೇರುತ್ತದೆ.

"ಸಾರ್, ಬೋರ್ ಅರವತ್ತು ಬರ್ತಾ ಇದೆ."

ಸಾರ್ ಚಮಚ ಕೆಳಗಿಟ್ಟರು. "ನಿನಗೆ ಯಾರಮ್ಮ ಅಳೆಯೋಕೆ ಹೇಳಿದ್ದು?"

"ಸಾರ್, ನೀವೇ ಒಂದು ಸಲ ನೋಡಿ."

"ಗೇಜ್ ಸರಿ ಇರಲ್ಲ ಬಿಡು. ರಿಪೋರ್ಟ್ ಬರಿ, ಐದು ಗಂಟೆಗೆ ಗಾಡಿ ಬರತ್ತೆ."

ನಾನು ಗೇಜನ್ನು ಅವರ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ, ಗೇಜಿನತ್ತ ಕಣ್ಣು ಕೂಡ ಹಾಯಿಸಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ. ಇಷ್ಟು ವಾರ ಈ ಮನುಷ್ಯ ಸೋಮಾರಿ ಎಂದುಕೊಂಡಿದ್ದೆನಲ್ಲ, ನೋಡದೆ ಇರುವುದಕ್ಕೆ ಎಂಥ ಚುರುಕು ಬೇಕು ಎಂದು ಅವತ್ತು ಕಂಡೆ.

ಸಂಪತ್ ಸಾರ್ ಹತ್ತಿರ ಹೋದೆ. ಅವರು ಫೋನಿನಲ್ಲಿದ್ದರು. ಪಂಪ್ ಕಂಪನಿಯವರು ಮಾಲು ಎಲ್ಲಿ ಎಂದು ಬೆಳಗಿನಿಂದ ಕುತ್ತಿಗೆ ಮೇಲೆ ಕೂತಿದ್ದರಂತೆ. ನನ್ನ ಮಾತನ್ನು ಪೂರ್ತಿ ಕೇಳಿ, ಮೆತ್ತಗೆ ನಕ್ಕರು.

"ಕಲಾ, ಮುನ್ನೂರು ಪೀಸ್ ಮತ್ತೆ ಮಾಡೋಕೆ ಟೈಮಿಲ್ಲಮ್ಮ. ಅಲ್ಲಿ ಅವ್ರೂ ಚೆಕ್ ಮಾಡ್ಕೋತಾರೆ. ನಿನ್ನ ಸರ್ಟಿಫಿಕೇಟ್ ಟೈಪ್ ಆಗಿದೆ, ಸೈನ್ ಒಂದು ಬಾಕಿ. ಕಾಲೇಜಲ್ಲಿ ಯಾವಾಗ ಕೊಡ್ಬೇಕು, ಮುಂದಿನ ಶುಕ್ರವಾರ ಅಲ್ವಾ? ಅಮ್ಮ ಹೇಳ್ತಾ ಇದ್ರು, ನಿಮ್ಮವ್ವ ತುಂಬಾ ಆಸೆ ಇಟ್ಕೊಂಡಿದಾರೆ ಅಂತ."

ಬೆದರಿಸಲಿಲ್ಲ. ಬೆದರಿಸಿದ್ದರೆ ಎದುರು ನಿಲ್ಲುತ್ತಿದ್ದೆನೋ ಏನೋ. ನಮ್ಮ ಮನೆ ಅವರ ಮನೆ, ನನ್ನ ಡಿಗ್ರಿ ಅವರ ಡ್ರಾಯರಿನಲ್ಲಿ. ನಾನು ವಾಪಸ್ ಬಂದು ಕೂತೆ. ಹತ್ತು ಬುಷ್ಷುಗಳೂ ಮೇಜಿನ ಮೇಲೆ ಸಾಲಾಗಿದ್ದವು. ಬೋರ್ ಕಾಲಮ್ಮಿನಲ್ಲಿ ಹನ್ನೆರಡು ಎಂದು ಬರೆದೆ. ಹದಿನಾಲ್ಕು. ಒಂಬತ್ತು. ಹದಿನೇಳು, ಲಿಮಿಟ್ಟಿನ ಹತ್ತಿರ ಒಂದು ಇರಬೇಕಲ್ಲ. ಒಂದು ಕಡೆ ಹೊಡೆದು ತಿದ್ದಿದೆ.

ಸಹಿಗೆಂದು ಕಾಗದವನ್ನು ಸಾರ್ ಕಡೆ ತಳ್ಳಿದೆ. ಹದಿನೆಂಟು ವರ್ಷ ಸಹಿ ಹಾಕಿದ ಆ ಮಹಾನುಭಾವರು ಕಾಗದವನ್ನು ನನ್ನ ಕಡೆಗೇ ತಿರುಗಿಸಿದರು.

"ಇವತ್ತು ನೀನೇ ಸೈನ್ ಮಾಡಮ್ಮ. ಅನುಭವ ಆಗ್ಲಿ."

ಅಂದರೆ ಅವರು ನನ್ನ ಅಳತೆಯನ್ನು ನಂಬಿದ್ದರು! ಗೇಜ್ ಸರಿಯಿಲ್ಲ ಎಂದದ್ದು ಬಾಯಿಮಾತು, ಒಳಗೆ ಅರವತ್ತು ಎಂದರೆ ಅರವತ್ತೇ ಎಂದು ಗೊತ್ತಿತ್ತು. ಇಷ್ಟು ಹೇಸಿಗೆ ನನಗೆ ಯಾರ ಮೇಲೂ ಆಗಿರಲಿಲ್ಲ. ಆ ಹೇಸಿಗೆಯಲ್ಲೇ ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

ಒಂಬತ್ತು ದಿನಕ್ಕೆ ಮುನ್ನೂರೂ ವಾಪಸ್ ಬಂದವು. ಜೊತೆಗೆ ಪಂಪ್ ಕಂಪನಿಯ ಅಧಿಕಾರಿ ಮಧ್ವೇಶ್ ಎಂಬವರೂ ಬಂದರು. ಅದು ನನ್ನ ಕೊನೆಯ ದಿನ, ಗುರುವಾರ, ಸರ್ಟಿಫಿಕೇಟ್ ಇಸಿದುಕೊಳ್ಳಲು ಬಂದಿದ್ದೆ. ನನ್ನನ್ನೂ ಒಳಗೆ ಕರೆದರು. ಮೇಜಿನ ಮೇಲೆ ನನ್ನ ರಿಪೋರ್ಟ್ ಇತ್ತು.

"ಇದ್ಯಾರು ಸೈನ್ ಮಾಡಿರೋದು?" ಎಂದು ಮಧ್ವೇಶ್ ಕೇಳಿದರು.

"ಟ್ರೇನಿ ಸಾರ್," ಎಂದರು ಶ್ಯಾಮಸುಂದರ ಸಾರ್. ಎಷ್ಟು ನೋವು ಆ ಧ್ವನಿಯಲ್ಲಿ! "ನಾನು ಅವತ್ತು ಬೇರೆ ಕೆಲಸದಲ್ಲಿದ್ದೆ. ಮಕ್ಕಳು, ಕಲೀಲಿ ಅಂತ ಬಿಟ್ರೆ ಹೀಗೆ ಮಾಡ್ತಾರೆ. ಗೇಜ್ ಹಿಡಿಯೋಕೆ ಬರಲ್ಲ."

ನಾನು ಬಾಯಿ ತೆರೆದೆ. ಸಂಪತ್ ಸಾರ್ ನನ್ನನ್ನು ನೋಡಲಿಲ್ಲ, ಡ್ರಾಯರ್ ಎಳೆದು ಒಂದು ಹಾಳೆಯನ್ನು ಹೊರಗೆ ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟರು. ನಾನು ಬಾಯಿ ಮುಚ್ಚಿದೆ.

ತಪ್ಪು ಏಕಾಯಿತು, ಮತ್ತೆ ಆಗದಂತೆ ಏನು ಮಾಡಿದಿರಿ ಎಂದು ಬರೆದುಕೊಡಬೇಕು ಎಂದರು ಮಧ್ವೇಶ್. ಆಫೀಸಿನ ಹುಡುಗಿ ಅಲ್ಲೇ ಟೈಪ್ ಮಾಡಿದಳು: ಕಾರಣ, ತರಬೇತಿಯಿಲ್ಲದ ಟ್ರೇನಿ. ಕ್ರಮ, ಟ್ರೇನಿಯನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಸಂಪತ್ ಸಾರ್ ಸಹಿ ಹಾಕಿದರು. ಮಧ್ವೇಶ್ ಅದನ್ನು ಓದಿ, ಫೈಲಿಗೆ ಸೇರಿಸಿ, ಕಾಫಿ ಕುಡಿದು ಹೊರಟರು. ಅವರಿಗೂ ಒಂದು ಕಾಗದ ಬೇಕಾಗಿತ್ತು, ಸಿಕ್ಕಿತು. ಅವರ ಕಾರು ತಿರುಗಿದ ಮೇಲೆ ಸಂಪತ್ ಸಾರ್ ಆ ಇನ್ನೊಂದು ಹಾಳೆಗೆ ಅದೇ ಪೆನ್ನಿನಲ್ಲಿ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಕುಮಾರಿ ಕಲಾವತಿಯವರು ಗುಣಮಟ್ಟ ಪರೀಕ್ಷೆಯಲ್ಲಿ ಅತ್ಯುತ್ತಮ ಕೌಶಲ ತೋರಿದ್ದಾರೆ ಎಂದು ಅದರಲ್ಲಿತ್ತು.

"ಬೇಜಾರ್ ಮಾಡ್ಕೋಬೇಡ. ಇದೆಲ್ಲ ಪೇಪರ್‌ಗೋಸ್ಕರ," ಎಂದರು. ಶ್ಯಾಮಸುಂದರ ಸಾರ್ ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟು, "ಒಳ್ಳೇದಾಗ್ಲಿ, ಮುಂದೆ ಹುಷಾರಾಗಿರು" ಎಂದು ಆಶೀರ್ವಾದ ಬೇರೆ ಮಾಡಿದರು. ಕೈ ಕೊಡವಿ ಹೊರಗೆ ಬಂದೆ.

ಹೊರಗೆ ಕಪ್ಪು ಕನ್ನಡಕ ಹಾಕಿಕೊಂಡು ಬಸಪ್ಪ ಕಾಕಾ ಕೂತಿದ್ದರು. ಅವತ್ತೇ ಕೆಲಸಕ್ಕೆ ಬಂದಿದ್ದರಂತೆ. ವಾಪಸ್ ಬಂದ ಪೆಟ್ಟಿಗೆಗಳನ್ನು ಒಡೆದು, ಒಂದೊಂದೇ ಬುಷ್ಷನ್ನು ಒರೆಸಿ ಅಳೆಯುತ್ತಿದ್ದರು. ಮುನ್ನೂರರಲ್ಲಿ ಒಂದಷ್ಟಾದರೂ ಸರಿ ಇರಬಹುದೇ ಎಂದು ನೋಡಲು ಸಂಪತ್ ಸಾರ್ ಹೇಳಿದ್ದರು. ನನಗೆ ಅವರನ್ನು ನೋಡಿ ಅಳು ಬಂತು. ಒಳಗೆ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಶ್ಯಾಮಸುಂದರ ಸಾರ್ ಅವರನ್ನು ಬಾಯಿಗೆ ಬಂದಂತೆ ಬೈದೆ. ಕಾಕಾ ಕೈಕೆಲಸ ನಿಲ್ಲಿಸದೆ ಕೇಳಿದರು.

"ಈ ಲಾಟು ನೀ ಅಳದಿದ್ದಿಯೇನು?"

"ಹೂಂ ಕಾಕಾ. ಹತ್ತೂ ಅಳದಿದ್ದೆ."

"ಎಷ್ಟ ಬಂದಿತ್ತು?"

"ಅರವತ್ತು. ಐವತ್ತೆಂಟು. ಹಂಗ."

"ಕಾಗದದಾಗ ಎಷ್ಟ ಬರದಿ?"

"ಹನ್ನೆರಡು." ಕೈಯಲ್ಲಿದ್ದ ಹಾಳೆಯನ್ನು ಮಡಿಚುತ್ತಾ ಹೇಳಿದೆ, "ಸರ್ಟಿಫಿಕೇಟ್ ಕೊಡತಿದ್ದಿಲ್ಲ ಕಾಕಾ ಅವರು."

"ಕೊಟ್ರೇನು ಈಗ?"

"ಕೊಟ್ರು."

"ಛಲೋ ಆತು," ಎಂದರು ಕಾಕಾ. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಕನ್ನಡಕ ಮೇಲೆ ಸರಿಸಿ, ನೀರು ಸುರಿಯುತ್ತಿದ್ದ ಕಣ್ಣನ್ನು ಅಂಗಿಯ ತೋಳಿಗೆ ಒತ್ತಿಕೊಂಡು ಹೇಳಿದರು, "ಆ ಶ್ಯಾಮಸುಂದರ ಒಂದ ದಿನಾ ಅಳದಾವಲ್ಲ. ಅವಗ ಬುಷ್ ಹೆಂಗ ಐತಿ ಗೊತ್ತಿರಂಗಿಲ್ಲ, ಬರಿತಾನ. ನೀ ಅಳದಿ. ನಿನಗ ಗೊತ್ತಾತು. ಆಮ್ಯಾಲ ಬರದಿ."

ಹದಿನೈದು ವಾರ ಆ ಗಾಜಿನ ಗೂಡಿನೊಳಗೆ ಕೂತು ಒಬ್ಬ ಮನುಷ್ಯನನ್ನು ಕೀಳು ಎಂದು ತೂಗುತ್ತಿದ್ದೆ. ತೂಗಿದ್ದರಲ್ಲಿ ತಪ್ಪೇನಿಲ್ಲ, ಈಗಲೂ ಆತ ಕೀಳೇ. ಆದರೆ ಆತನಿಗಿಂತ ಕೆಳಗೆ ಜಾಗವಿದೆ ಎಂದು ನನಗೆ ತಿಳಿದಿರಲಿಲ್ಲ.

ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ. ಇನ್ನೂ ಎರಡು ಪೆಟ್ಟಿಗೆ ಬಾಕಿ ಇದ್ದವು. "ಕೊಡ್ರಿ ಕಾಕಾ, ನಿಮ್ಮ ಕಣ್ಣಾಗ ನೀರ ಬರಾಕತ್ತೈತಿ. ಅರ್ಧ ನಾ ಅಳಿತೀನಿ," ಎಂದು ಕೈ ಚಾಚಿದೆ.

"ಬ್ಯಾಡವಾ, ನೀ ಮನಿಗೆ ಹೋಗು," ಎಂದರು ಕಾಕಾ. "ನೀ ಅಳದದ್ದನ್ನ ನಾ ಮತ್ತ ಅಳಿಬೇಕಾಗ್ತೈತಿ."

ಹೇಳಿ, ಮುಂದಿನ ಬುಷ್ಷನ್ನು ತೆಗೆದುಕೊಂಡು ಒರೆಸತೊಡಗಿದರು.